ಮಕ್ಕಳ ಮ್ಯಾಚ್ ರೈಫಲ್‌ಗೆ ‘ಕಸ್ಟಮ್’ ಕೆಲಸ ಮಾಡಿಸುವ ಮುಂಚೆ ಓದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮಕ್ಕಳನ್ನು ಶೂಟಿಂಗ್‌ಗೆ ಕಳಿಸುತ್ತಿರುವ ಪಾಲಕರಿಗೆ ಇದನ್ನು ಬರೆಯುತ್ತಿದ್ದೇನೆ. 10 ಮೀಟರ್ ಏರ್ ರೈಫಲ್‌ನ ಗಾಳಿ ಸಿಲಿಂಡರ್‌ಗೆ ಯಾರಾದರೂ ಪೌಡರ್ ಕೋಟಿಂಗ್ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಟ್ರಿಗರ್ ಬಿಚ್ಚಿ ‘ಸ್ಮೂತ್’ ಮಾಡುತ್ತೇನೆ ಅಂದರೂ ಒಪ್ಪಬೇಡಿ. ನಮ್ಮ ಮನೆಯ ರೈಫಲ್‌ಗೆ ಇವೆರಡೂ ಆಗಿವೆ, ಅದೂ ನಮ್ಮನ್ನು ಒಂದು ಮಾತೂ ಕೇಳದೆ.

ಮಗಳ ರೈಫಲ್‌ನಲ್ಲಿ ಬಟ್ ಪ್ಲೇಟ್ ಹಿಡಿಯುವ ಸ್ಕ್ರೂವಿನ ಥ್ರೆಡ್ ಸವೆದಿತ್ತು. ಭುಜಕ್ಕೆ ಇಟ್ಟಾಗ ಪ್ಲೇಟ್ ಸ್ವಲ್ಪ ಜಾರುತ್ತಿತ್ತು. ಹುಬ್ಬಳ್ಳಿಯಲ್ಲಿ ಒಬ್ಬರು ಏರ್‌ಗನ್ ಸರ್ವಿಸ್ ಮಾಡುತ್ತಾರೆ, ಸ್ಪರ್ಧೆಗೆ ಬೇಕಾದಂತೆ ರೈಫಲ್ ರೆಡಿ ಮಾಡಿ ಕೊಡುತ್ತಾರೆ ಅಂತ ಪರಿಚಯದವರು ಹೇಳಿದರು. ಹೋಗಿ ಕೊಟ್ಟೆವು. ಆ ಥ್ರೆಡ್ ಒಂದೇ ಸರಿ ಮಾಡಿ ಅಂತ ಚೀಟಿಯಲ್ಲೂ ಬರೆಸಿದ್ದೆವು. “ಏನೂ ಚಿಂತಿ ಮಾಡಬ್ಯಾಡ್ರಿ ಸರ್, ಹೊಸಾದರಂಗ ಮಾಡಿ ಕೊಡ್ತೀನಿ” ಅಂದರು.

ರೈಫಲ್ ವಾಪಸ್ ಬಂದಾಗ ಸಿಲಿಂಡರ್ ಪೌಡರ್ ಕೋಟಿಂಗ್‌ನಿಂದ ಕೆಂಪಾಗಿತ್ತು. ಬ್ಯಾರಲ್‌ನ (ನಳಿಗೆಯ) ತುದಿಯ ಟ್ಯೂಬ್‌ಗೆ ಸಾಲಾಗಿ ತೂತು ಕೊರೆದಿದ್ದರು. ಟ್ರಿಗರ್ ಮುಟ್ಟಿದರೆ ಸಾಕು ಬಿಡುವಷ್ಟು ಹಗುರವಾಗಿತ್ತು. ಕೇಳಿದರೆ ಫೋನ್ ತೆಗೆದು ಹೊರದೇಶದ ಪ್ರಾಕ್ಟಿಕಲ್ ಶೂಟಿಂಗ್ ವಿಡಿಯೋ ತೋರಿಸಿದರು. “ಅಲ್ಲಿ ಚಾಂಪಿಯನ್ನರೆಲ್ಲಾ ಹಿಂಗ ಮಾಡಸ್ತಾರ್ರಿ.”

ಆ ವಿಡಿಯೋದಲ್ಲಿ ಇದ್ದದ್ದು ಸೆಮಿ-ಆಟೋಮ್ಯಾಟಿಕ್ ರೈಫಲ್. ಆ ಆಟವೇ ಬೇರೆ. ಓಡುತ್ತಾ, ಅಡ್ಡ ನಿಂತು, ಬಗ್ಗಿ, ಬೇರೆ ಬೇರೆ ಗುರಿಗಳಿಗೆ ಬೇಗ ಬೇಗ ಹೊಡೆಯಬೇಕು. ಸಮಯಕ್ಕೂ ಅಂಕ ಇದೆ. ಒಂದು ಗುಂಡು ಹಾರಿದ ಮೇಲೆ ನಳಿಗೆ ಮೇಲಕ್ಕೆ ಎದ್ದರೆ ಎರಡನೇ ಗುಂಡು ತಡವಾಗುತ್ತದೆ. ಅದಕ್ಕೇ ಅವರು ತುದಿಗೆ ತೂತಿರುವ ಕಂಪೆನ್ಸೇಟರ್ ಹಾಕುತ್ತಾರೆ. ಸಿಡಿಮದ್ದಿನ ಅನಿಲ ಆ ತೂತುಗಳಿಂದ ಮೇಲಕ್ಕೆ ನುಗ್ಗಿ ನಳಿಗೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಅವರಿಗೆ ಅದು ಬೇಕು. ನಮ್ಮ ಮಕ್ಕಳದು ಒಂದೇ ಕಡೆ ನಿಂತು, ಒಂದೊಂದೇ ಪೆಲೆಟ್ (ಸಣ್ಣ ಸೀಸದ ಗುಂಡು) ಹಾಕಿ, 75 ನಿಮಿಷದಲ್ಲಿ 60 ಹೊಡೆತ ಮುಗಿಸುವ ಆಟ. ಗುರಿಯ 10ರ ಚುಕ್ಕೆ ಅರ್ಧ ಮಿಲಿಮೀಟರ್. ಗಾಳಿಯ ರೈಫಲ್‌ನಲ್ಲಿ ಹಿಮ್ಮೆಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಕಂಪೆನ್ಸೇಟರ್ ಯಾಕೆ ಬೇಕು?

ಬೇಡ ಅನ್ನುವುದು ಮಾತ್ರ ಅಲ್ಲ, ಹಾಕುವಂತೆಯೇ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ ರೈಫಲ್‌ನ ಬ್ಯಾರಲ್‌ಗೂ ಅದರ ಮುಂದಿನ ಟ್ಯೂಬ್‌ಗೂ ತೂತು ಕೊರೆಯಬಾರದು ಅಂತ ಸ್ಪಷ್ಟವಾಗಿ ಇದೆ. ಕಂಪೆನ್ಸೇಟರ್, ಮಝಲ್ ಬ್ರೇಕ್ (ಹಿಮ್ಮೆಟ್ಟು ತಗ್ಗಿಸಲು ನಳಿಗೆ ತುದಿಗೆ ಹಾಕುವ ಭಾಗ) ಎರಡಕ್ಕೂ ನಿಷೇಧ. ಟ್ಯೂಬ್ ಬದಲಿಸಿ ಉದ್ದದ್ದು ಹಾಕುತ್ತೇನೆ ಅನ್ನುವವರೂ ಇದ್ದಾರೆ. ಏರ್ ರೈಫಲ್‌ನಲ್ಲಿ ಮೆಕ್ಯಾನಿಸಂನ ಹಿಂತುದಿಯಿಂದ ನಳಿಗೆಯ ಮುಂತುದಿವರೆಗೆ 850 ಮಿಲಿಮೀಟರ್ ದಾಟುವಂತಿಲ್ಲ. ಒಟ್ಟು ತೂಕ 5.5 ಕಿಲೋ ಮೀರುವಂತಿಲ್ಲ. ಮಕ್ಕಳು ವರ್ಷಗಟ್ಟಲೆ ಬೆವರು ಸುರಿಸಿ ಹೋಗಿ, ಸಲಕರಣೆ ತಪಾಸಣೆಯಲ್ಲೇ ವಾಪಸ್ ಬರಬೇಕಾದರೆ ಹೇಗಿರುತ್ತದೆ ಯೋಚಿಸಿ.

ಟ್ರಿಗರ್ ವಿಷಯಕ್ಕೆ ಬರುತ್ತೇನೆ. ಮ್ಯಾಚ್ ರೈಫಲ್‌ನ ಟ್ರಿಗರ್ ಮೊದಲೇ ತುಂಬಾ ಹಗುರ. ಎರಡು ಹಂತ ಇರುತ್ತದೆ, ಎರಡನ್ನೂ ಹೊರಗಿನ ಸ್ಕ್ರೂಗಳಿಂದಲೇ ಹೊಂದಿಸಬಹುದು. ಒಳಗೆ ಎರಡು ಉಕ್ಕಿನ ಅಂಚುಗಳು ಒಂದನ್ನೊಂದು ಕಚ್ಚಿ ನಿಂತಿರುತ್ತವೆ. ಕೂದಲೆಳೆಯಷ್ಟೇ ಹಿಡಿತ. ಇವರು ಅದನ್ನು ಉಜ್ಜಿ ಪಾಲಿಶ್ ಮಾಡಿದ್ದರು. ಮುಂದಿನ ಪ್ರಾಕ್ಟೀಸ್‌ನಲ್ಲಿ ಮಗಳು ಪೆಲೆಟ್ ಹಾಕಿ ಲಿವರ್ ಮುಚ್ಚಿದಳು. ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ. ರೈಫಲ್ ತಾನಾಗಿಯೇ ಹಾರಿತು. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು ಅಂತ ಕೋಚ್ ಮೊದಲ ದಿನದಿಂದ ಕಲಿಸಿದ್ದರು, ಹಾಗಾಗಿ ಪೆಲೆಟ್ ಗೋಡೆಗೆ ಹೋಯಿತು. ಪಕ್ಕದ ಲೇನ್‌ಗಳಲ್ಲಿ ಮಕ್ಕಳಿದ್ದರು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಕೋಚ್ ತಕ್ಷಣ ನಳಿಗೆಗೆ ಸೇಫ್ಟಿ ಫ್ಲ್ಯಾಗ್ (ಒಳಗೆ ಪೆಲೆಟ್ ಇಲ್ಲ ಅಂತ ತೋರಿಸುವ ಬಣ್ಣದ ಎಳೆ) ಹಾಕಿ ರೈಫಲ್ ತೆಗೆದಿಟ್ಟರು. ಆಮೇಲೆ ಸಿಲಿಂಡರ್ ತಿರುಗಿಸಿ ನೋಡಿ, “ಇದರ ಮ್ಯಾಲಿನ ತಾರೀಖ ಎಲ್ಲಿ ಹೋತ್ರಿ?” ಅಂದರು. ಬಣ್ಣದಡಿ ಮುಚ್ಚಿ ಹೋಗಿತ್ತು. ಸಿಲಿಂಡರ್‌ಗೆ ಕಂಪನಿ ಕೊಟ್ಟ ಅವಧಿ ಸಾಮಾನ್ಯವಾಗಿ 10 ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ, ನೋಡಿಕೊಳ್ಳುವ ಹೊಣೆ ಆಟಗಾರರದ್ದೇ. ತಾರೀಖೇ ಕಾಣದಿದ್ದರೆ ಏನು ತೋರಿಸೋದು?

ತಾರೀಖಿಗಿಂತ ದೊಡ್ಡ ಅಪಾಯ ಶಾಖದ್ದು. ಪೌಡರ್ ಕೋಟಿಂಗ್ ಅಂದರೆ ಪುಡಿ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಇರುವ ಒಲೆಯಲ್ಲಿ ಬೇಯಿಸುವುದು. ಗೇಟು, ಕಿಟಕಿ ಗ್ರಿಲ್, ಬೈಕಿನ ಬಿಡಿಭಾಗಕ್ಕೆ ಬಹಳ ಒಳ್ಳೆಯ ಕೆಲಸ. ಗೋಕುಲ ರಸ್ತೆ, ತಾರಿಹಾಳ ಕಡೆ ಚೆನ್ನಾಗಿ ಮಾಡುವವರಿದ್ದಾರೆ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಅಲ್ಯುಮಿನಿಯಂ ಸಿಲಿಂಡರ್‌ನ ಗಟ್ಟಿತನ ಬರುವುದೇ ಕಾರ್ಖಾನೆಯಲ್ಲಿ ಲೆಕ್ಕಹಾಕಿ ಕೊಟ್ಟ ಶಾಖದ ಹದದಿಂದ. ಅದನ್ನು ಮತ್ತೆ ಒಲೆಗೆ ಇಟ್ಟರೆ ಆ ಹದ ಕೆಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬಿರುಕಿಲ್ಲ, ಉಬ್ಬಿಲ್ಲ, ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಕಾರಿನ ಟೈರ್‌ನಲ್ಲಿ ಗಾಳಿಯ ಒತ್ತಡ 2 ಬಾರ್ ಆಸುಪಾಸು. ಇದರಲ್ಲಿ ನಾವು ತುಂಬಿಸುವುದು 200 ಬಾರ್. ಮಗು ರೈಫಲ್ ಎತ್ತಿದಾಗ ಅದು ಎಡಗೈಯ ಮುಂದೆಯೇ ಇರುತ್ತದೆ. ತುಂಬಿಸುವಾಗ ನಮ್ಮ ಮುಖದ ಹತ್ತಿರ ಇರುತ್ತದೆ.

ನಾವು ಆ ಸಿಲಿಂಡರ್‌ನ ಗಾಳಿ ಪೂರ್ತಿ ಖಾಲಿ ಮಾಡಿಸಿ, ಯಾರೂ ಮತ್ತೆ ಬಳಸದ ಹಾಗೆ ಕೊರೆಸಿಬಿಟ್ಟೆವು. ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ ಹೋಯಿತು. ಟ್ರಿಗರ್ ಯೂನಿಟ್ ಕಂಪನಿಯ ಅಧಿಕೃತ ಸರ್ವಿಸ್‌ಗೆ ಕಳಿಸಿದೆವು. ವರ್ಕ್‌ಶಾಪ್‌ನವರು ಹಣ ವಾಪಸ್ ಕೊಡಲಿಲ್ಲ. ಹಣ ಹಾಳಾಗಿ ಹೋಗಲಿ. ಇನ್ನೆಷ್ಟು ಮಕ್ಕಳ ಸಿಲಿಂಡರ್‌ಗೆ ಹೀಗೆ ಬಣ್ಣ ಹಾಕಿದ್ದೀರಿ ಅಂತ ಕೇಳಿದೆ, ಅದಕ್ಕೂ ಉತ್ತರ ಕೊಡಲಿಲ್ಲ. ಅದೇ ನನಗೆ ನಿದ್ದೆಗೆಡಿಸಿರುವುದು.

ಇನ್ನೊಂದು ಮಾತು. ವರ್ಕ್‌ಶಾಪ್‌ನ ಅದೇ ವ್ಯಕ್ತಿ ಸಿಡಿಮದ್ದಿನ ಗುಂಡು ಹಾರಿಸುವ .22 ರೈಫಲ್‌ಗಳಿಗೂ ಇಂಥ ಕೆಲಸ ಮಾಡಿಕೊಡುತ್ತೇನೆ ಅಂದಿದ್ದರು. ಬೋರ್ (ನಳಿಗೆಯ ಒಳ ಅಗಲ) .177 ಇಂಚು ಮತ್ತು ಶಕ್ತಿ 20 ಜೌಲ್ ಒಳಗಿರುವ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೆ .22 ಬಂದೂಕು. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬಂದೂಕನ್ನು ರಿಪೇರಿ ಮಾಡಲಿಕ್ಕೂ, ಬದಲಾಯಿಸಲಿಕ್ಕೂ ಲೈಸೆನ್ಸ್ ಇರಬೇಕು. ಬ್ಯಾರಲ್ ಗಿಡ್ಡ ಮಾಡುವುದು ಬೇರೆಯೇ ಅಪರಾಧ. ಲೈಸೆನ್ಸ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮೂರು ಭಂಗಿಗಳಲ್ಲಿ ಹೊಡೆಯುವ ಸ್ಪರ್ಧೆ) ಕಂಚು ಗೆದ್ದರು. ನಮ್ಮ ಪಕ್ಕದವರೇ ಅಲ್ವಾ! ನಮ್ಮ ಮಕ್ಕಳಿಗೂ ಆಸೆ ಇರುವುದು ಸಹಜ. ಆ ಆಸೆಗೆ ಬೇಕಾದ ಕಸ್ಟಮ್ ಕೆಲಸ ರೈಫಲ್‌ನಲ್ಲೇ ಇದೆ. ಕೆನ್ನೆ ಇಡುವ ಚೀಕ್ ಪೀಸ್‌ನ ಎತ್ತರ, ಬಟ್ ಪ್ಲೇಟ್‌ನ ಉದ್ದ ಮತ್ತು ಓರೆ, ಹಿಡಿಯ ಅಳತೆ. ಮಗು ಬೆಳೆದಂತೆ ಇವನ್ನು ಕೋಚ್ ಮುಂದೆ ನಿಂತು ಅಲೆನ್ ಕೀಲಿಯಿಂದ ಹೊಂದಿಸಿಕೊಳ್ಳಬಹುದು. ಮಗುವಿನ ಕತ್ತು ಬಾಗದೆ ಕಣ್ಣು ನೇರ ಡಯಾಪ್ಟರ್‌ಗೆ (ಗುರಿ ನೋಡುವ ಹಿಂದಿನ ಸಣ್ಣ ತೂತಿಗೆ) ಬಂದರೆ ಅಂಕ ಏರುತ್ತದೆ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ನಿಮ್ಮ ಮನೆಯಲ್ಲಿ ಬಣ್ಣ ಹಾಕಿಸಿದ ಸಿಲಿಂಡರ್ ಇದ್ದರೆ ಮೊದಲು ಪೆಲೆಟ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಕೋಚ್ ಎದುರಿಗೆ, ಕಂಪನಿ ಕೊಟ್ಟಿರುವ ಗಾಳಿ ಬಿಡುವ ಸ್ಕ್ರೂ ಹಾಕಿ ನಿಧಾನವಾಗಿ ಖಾಲಿ ಮಾಡಿಸಿ. ಬಣ್ಣ ಕೆರೆದು ತಾರೀಖು ನೋಡಿ ಮತ್ತೆ ಬಳಸಲು ಹೋಗಬೇಡಿ. ಪಕ್ಕದ ಊರಿನವರು ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುತ್ತಿದ್ದರೆ ಅವರಿಗೂ ಇದನ್ನು ತಿಳಿಸಿ. ಕೆಂಪು, ನೀಲಿ, ಯಾವ ಬಣ್ಣವೇ ಇರಲಿ, ಅದು ಕಂಪನಿಯದ್ದೇ ಅಂತ ಖಚಿತವಾಗುವವರೆಗೆ ಗಾಳಿ ತುಂಬಿಸುವುದು ಬೇಡ.