ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಜೋಳಕ್ಕೆ ಔಷಧ ಹೊಡೆಯುವ ಮುನ್ನ ಇದನ್ನು ಓದಿ

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಮ್ಮದು ಒಂದೂವರೆ ಎಕರೆ. ಕಳೆದ ಆಷಾಢದಲ್ಲಿ ಕಾಳಿಗೆಂದು ಮುಸುಕಿನ ಜೋಳ ಹಾಕಿದ್ದೆ. ಬದುವಿನಾಚೆ, ಮೂಡಲ ದಿಕ್ಕಿಗೆ, ಪಕ್ಕದ ಮನೆಯ ಅಣ್ಣನ ಹಿಪ್ಪುನೇರಳೆ ತೋಟ. ಒಂದು ಸಂಜೆ ಜೋಳಕ್ಕೆ ಹುಳುವಿನ ಔಷಧ ಹೊಡೆದೆ. ಮೂರನೆಯ ದಿನಕ್ಕೆ ಅವರ ಮನೆಯಲ್ಲಿ ನೂರೈವತ್ತು ಮೊಟ್ಟೆಯ (ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಪತಂಗ ಇಟ್ಟ ನೂರಾರು ಮೊಟ್ಟೆಗಳ ಗುಂಪು) ರೇಷ್ಮೆ ಹುಳು ಹಾಸಿಗೆಯಲ್ಲೇ ಸತ್ತು ಬಿದ್ದಿತ್ತು. ನನ್ನ ಜೋಳದ ಹುಳು ಮಾತ್ರ ಸುಳಿಯೊಳಗೆ ಆರಾಮವಾಗಿತ್ತು.

ಜೋಳಕ್ಕೆ ಬಿದ್ದದ್ದು ಈಗ ಎಲ್ಲರಿಗೂ ಗೊತ್ತಿರುವ ಸೈನಿಕ ಹುಳು. ಕೆಲವರು ಲದ್ದಿ ಹುಳು ಎನ್ನುತ್ತಾರೆ. ಅಮೆರಿಕ ಖಂಡದ ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕಿ ಇದ್ದರೆ ಅದೇ. ಮರಿ ಹುಳು ಎಲೆಯ ಹಸಿರನ್ನಷ್ಟೇ ಕೆರೆದು ತಿಂದು ಬಿಳಿ ಪೊರೆಯನ್ನು ಉಳಿಸುತ್ತದೆ. ಬಲಿತ ಮೇಲೆ ಸುಳಿಗೆ ಇಳಿದು, ತನ್ನ ಹಿಕ್ಕೆಯನ್ನೇ ಮರದ ಹೊಟ್ಟಿನಂತೆ ಮೇಲೆ ತುಂಬಿಕೊಂಡು ಒಳಗೆ ಕೂರುತ್ತದೆ. ಆಗ ಮೇಲಿನಿಂದ ಸುರಿದ ಔಷಧ ಅದಕ್ಕೆ ಸರಿಯಾಗಿ ತಾಗುವುದೇ ಇಲ್ಲ.

ನಾಚಿಕೆಯಾಗುವುದು ಇಲ್ಲಿಯೇ. ರೇಷ್ಮೆ ಮನೆಯಲ್ಲಿ ಬೆಳೆದವನು ನಾನು. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆಯೇ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆಯೇ, ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚು ತಿನ್ನುತ್ತದೆ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಜೋಳದ ಹುಳುವಿನ ಹಸಿವೂ ಹಾಗೆಯೇ. ತೂತು ದೂರದಿಂದ ಕಾಣುವಷ್ಟಾಯಿತು ಎಂದರೆ ಹುಳು ಬಲಿತಿದೆ, ಕೆಲವೇ ದಿನಗಳಲ್ಲಿ ಮಣ್ಣಿಗಿಳಿದು ಕೋಶವಾಗುತ್ತದೆ ಎಂದರ್ಥ. ನಾನು ತೂತು ಕಂಡ ಮೇಲೆಯೇ ಅಂಗಡಿಗೆ ಓಡಿದೆ.

ಅಂಗಡಿಯವರು ಕೊಟ್ಟದ್ದು ಕ್ಲೋರಾಂಟ್ರನಿಲಿಪ್ರೋಲ್. ಡಬ್ಬಿಯ ಮೇಲಿನ ಹಸಿರು ಗುರುತು ತೋರಿಸಿ, ‘ಹಸಿರು ಅಂದರೆ ಸೌಮ್ಯ, ಯೋಚನೆ ಬೇಡ’ ಎಂದರು. ಸುತ್ತ ರೇಷ್ಮೆ ಇದೆಯೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಮನುಷ್ಯನಿಗೆ ಆ ಔಷಧ ಎಷ್ಟು ವಿಷ ಎಂಬುದನ್ನು ಹೇಳುತ್ತವೆಯೇ ಹೊರತು ಹುಳುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಔಷಧ ಹುಳುವಿನ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಅನ್ನು ಹೊರಹರಿಸಿ ಸ್ನಾಯುವನ್ನೇ ನಿಷ್ಕ್ರಿಯಗೊಳಿಸುತ್ತದೆ. ಹುಳು ಬಾಯಾಡಿಸಲಾರದೆ ಹಸಿದು ಸಾಯುತ್ತದೆ. ಪತಂಗದ ಮರಿಗಳನ್ನು ಕೊಲ್ಲಲೆಂದೇ ಮಾಡಿದ ಮದ್ದು ಇದು. ರೇಷ್ಮೆ ಹುಳುವೂ ಪತಂಗದ ಮರಿಯೇ ತಾನೇ? ಎಲೆಯ ಮೇಲೆ ಬೇಗ ಕರಗಿಹೋಗುವ ಜಾತಿಯ ಔಷಧವೂ ಅಲ್ಲ.

ಸಂಜೆ ಹೊಡೆದರೆ ಒಳ್ಳೆಯದು ಎಂದು ಕೇಳಿದ್ದೆ, ಹಾಗೆಯೇ ಮಾಡಿದೆ. ಆದರೆ ಆಷಾಢದ ಪಡುವಣ ಗಾಳಿ ಸಂಜೆಗೆಂದು ನಿಲ್ಲುತ್ತದೆಯೇ? ಪವರ್ ಸ್ಪ್ರೇಯರ್‌ನ ಮಂಜು ಬದು ದಾಟಿ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಎರಡು ಕ್ಯಾನ್ ಔಷಧ ಉಳಿದಿತ್ತು, ಮುಗಿಸಿಬಿಡೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಣ್ಣ ಬದುವಿನ ಪಕ್ಕದ ಸಾಲುಗಳಿಂದಲೇ ಕಡ್ಡಿ ಕೊಯ್ದಿದ್ದಾರೆ. ಹುಳು ನಾಲ್ಕನೇ ಜ್ವರ ಎದ್ದು ನಾಲ್ಕು ದಿನ; ಇನ್ನು ಮೂರು ದಿನ ಕಳೆದಿದ್ದರೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆ ಏರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಬಿಟ್ಟು ತಲೆಯೆತ್ತಿ ಕೂತವು. ಸಂಜೆಗೆ ಬಾಯಿಂದ ಹಸಿರು ನೀರು, ಮೈ ಕುಗ್ಗಿತು. ಮೊದಲು ರೋಗವೆಂದುಕೊಂಡು ಸುಣ್ಣ ಹಾಕಿದರಂತೆ. ಅತ್ತಿಗೆಯೇ ನನ್ನ ಸ್ಪ್ರೇಯರ್ ಸದ್ದನ್ನು ನೆನಪಿಸಿದ್ದು. ಅಣ್ಣ ಜಗಳಕ್ಕೆ ಬರಲಿಲ್ಲ. ‘ಹೊಡೆಯುವ ಮುಂಚೆ ಒಂದು ಮಾತು ಕೂಗಿ ಹೇಳಬಾರದಿತ್ತೇನಪ್ಪಾ, ಎರಡು ದಿನಕ್ಕೆ ಸೊಪ್ಪು ಕೊಯ್ದಿಟ್ಟುಕೊಳ್ಳುತ್ತಿದ್ದೆ’ ಎಂದರು. ನೂರು ಕಿಲೋ ಗೂಡಿನ ಲೆಕ್ಕ ಹಾಕಿಕೊಂಡಿದ್ದ ಮನೆ ಅದು. ಹಿರಿಯರ ಮುಂದೆ ಕೂತು ಅರ್ಧ ನಷ್ಟ ಕಟ್ಟಿಕೊಡಲು ಒಪ್ಪಿದೆ; ಕೊನೆಯ ಕಂತು ಇನ್ನೂ ಬಾಕಿ ಇದೆ.

ಇಷ್ಟಾದ ಮೇಲೂ ಬುದ್ಧಿ ಪೂರ್ತಿ ಬರಲಿಲ್ಲ. ಇನ್ನು ರಾಸಾಯನಿಕ ಬೇಡ, ಜೈವಿಕವೇ ಸರಿ ಎಂದು ಬೇರೆ ಅಂಗಡಿಯಿಂದ ಬಿಟಿ ಪುಡಿ, ಅಂದರೆ ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾದ ಪುಡಿ, ತಂದೆ. ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಪ್ಯಾಕೆಟ್ ನೋಡಿ ಕೈ ಹಿಡಿದು ನಿಲ್ಲಿಸಿದರು. ಆ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆ ಹುಳುವಿನಲ್ಲಂತೆ: 1901ರಲ್ಲಿ, ಜಪಾನಿನ ಇಶಿವಾಟಾ ಎಂಬ ವಿಜ್ಞಾನಿಗೆ. ಅದರ ವಿಷ ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ ಕೆಲಸ ಮಾಡುತ್ತದೆ. ನಮ್ಮ ಹೊಟ್ಟೆ ಆಮ್ಲೀಯವಾದ್ದರಿಂದ ನಮಗೇನೂ ಆಗುವುದಿಲ್ಲ. ಬೇವಿನ ಔಷಧವೂ ರೇಷ್ಮೆ ಹುಳುವಿಗೆ ಒಗ್ಗುವುದಿಲ್ಲ. ‘ಜೈವಿಕ’ ಎಂಬ ಪದ ಕೇಳಿ ಮೋಸ ಹೋಗಬೇಡಿ.

ಈ ಸಲ ಜೋಳ ಮೊಳೆತ ಮೊದಲ ವಾರದಿಂದಲೇ ವಾರಕ್ಕೆರಡು ಬಾರಿ ಸಾಲು ನೋಡುತ್ತಿದ್ದೇನೆ. ಕಂದು ಕೂದಲು ಹೊದಿಸಿದಂತಿರುವ ಮೊಟ್ಟೆಯ ಗುಂಪು ಕಂಡರೆ ಅಲ್ಲೇ ಹಿಸುಕುವುದು. ಒಂದು ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು, ಬೆರಳಿಗೆ ಅದಕ್ಕಿಂತ ಲಾಭದ ಕೆಲಸವಿಲ್ಲ. ತಪ್ಪಿಸಿಕೊಂಡು ಬಲಿತವಕ್ಕೆ ವಿಷ ಪಾಷಾಣ: ಎಕರೆಗೆ ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮುಂಚೆ ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಕೈಗವಸು ಹಾಕಿಕೊಂಡು ಸುಳಿಗೆ ಉದುರಿಸುವುದು. ಗಾಳಿಗೆ ಹಾರುವ ಭಯವಿಲ್ಲ. ಆದರೆ ಅದೂ ವಿಷವೇ: ಹಸುವಿನ ಮೇವಿಗೆ ಬೆಳೆದ ಜೋಳಕ್ಕೆ ಬೇಡವೇ ಬೇಡ, ಅದೇ ಬಟ್ಟೆಯಲ್ಲಿ ಹುಳುವಿನ ಮನೆಗೆ ಕಾಲಿಡಲೂ ಬೇಡಿ.

ಅನುಮಾನದ ತೋಟದ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುವಿಗೆ ಬೇರೆ ತಟ್ಟೆಯಲ್ಲಿ ಹಾಕಿ ಒಂದು ದಿನ ನೋಡಿ. ಜೋಳಕ್ಕೆ ಹೊಡೆದ ಕ್ಯಾನನ್ನು ರೇಷ್ಮೆ ತೋಟಕ್ಕೆ ಎರವಲು ಕೊಡಬೇಡಿ, ಎಷ್ಟು ತೊಳೆದಿದ್ದರೂ ಸರಿ. ಹೊಡೆಯಲೇಬೇಕಾದರೆ ಹುಳು ಯಾವ ಜ್ವರದಲ್ಲಿದೆ ಎಂದು ಪಕ್ಕದವರನ್ನು ಕೇಳಿ. ನಾನು ನಿನ್ನೆ ಕೇಳಿದೆ. ‘ಮೊನ್ನೆ ತಾನೇ ಚಾಕಿ ಮರಿ ಹುಳು ತಂದಿದ್ದೇನೆ, ಗೂಡು ಬಿಡಿಸುವ ತನಕ ತಡೆದುಕೋ’ ಎಂದರು ಅಣ್ಣ. ತಡೆದುಕೊಂಡಿದ್ದೇನೆ.