ಸುಜುಕಿ ಡಿಎಫ್60ಎ: ನೇತ್ರಾಣಿ ದಾರಿಯಲ್ಲಿ ಕೆಲವು ಸೀಸನ್ ಓಡಿಸಿದ ಮೇಲೆ

"ಟಾಪ್ ಸ್ಪೀಡ್ ಎಷ್ಟು ಬರುತ್ತೆ?" ದೋಣಿಗೆ ಹೊಸ ಇಂಜಿನ್ ಕೂರಿಸಿದವರನ್ನು ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಕೂರಿಸಿದ್ದು ಸುಜುಕಿ ಡಿಎಫ್60ಎ, ದೋಣಿಯ ಹಿಂಬದಿಗೆ ನೇತುಹಾಕುವ 60 ಎಚ್‌ಪಿ (ಹಾರ್ಸ್‌ಪವರ್) ಫೋರ್-ಸ್ಟ್ರೋಕ್ ಇಂಜಿನ್. ನನ್ನ ಹತ್ತಿರ ಆ ಪ್ರಶ್ನೆಗೆ ಎರಡು ಉತ್ತರ ಇದೆ. ಖಾಲಿ ದೋಣಿಗೆ 21 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, 1.85 ಕಿಲೋಮೀಟರ್), ಜನ ತುಂಬಿದ ದೋಣಿಗೆ 16. ಹಳೆಯ 40 ಎಚ್‌ಪಿ ಟೂ-ಸ್ಟ್ರೋಕ್‌ನಲ್ಲಿ ಇದೇ ದೋಣಿ ಖಾಲಿ ಇದ್ದಾಗ 16-17 ಓಡುತ್ತಿತ್ತು, ತುಂಬಿದಾಗ ಎಂಟೂವರೆ. ಖಾಲಿ ದೋಣಿಯ ಲೆಕ್ಕ ನೋಡಿದರೆ ನಾಲ್ಕೈದು ನಾಟ್‌ಗೆ ಇಷ್ಟು ದುಡ್ಡಾ ಅನ್ನಿಸುತ್ತದೆ. ತುಂಬಿದ ದೋಣಿಯ ಲೆಕ್ಕ ನೋಡಿದರೆ ದುಡ್ಡು ವಸೂಲು. ಇಂಜಿನ್ ಕೊಳ್ಳುವವರು ಹೆಚ್ಚಿನವರು ಮೊದಲನೆಯದನ್ನೇ ನೋಡಿ ತೀರ್ಮಾನ ಮಾಡುತ್ತಾರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದು 24 ಅಡಿಯ ಫೈಬರ್ ದೋಣಿ, ನಮ್ಮ ಕರಾವಳಿಯಲ್ಲೇ ಕಟ್ಟಿಸಿದ್ದು. ತಳ ಮುಂದೆ ಚೂಪು, ಹಿಂದೆ ಬಹುತೇಕ ಚಪ್ಪಟೆ. ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಮಾಡುವವರನ್ನು ಕರೆದುಕೊಂಡು ಹೋಗುವುದು ಮುಖ್ಯ ಕೆಲಸ, ನಡುವೆ ಗಾಳ ಹಾಕುವ ಹುಚ್ಚಿನವರು. ದ್ವೀಪಕ್ಕೆ ಹೆಚ್ಚುಕಡಿಮೆ 10 ನಾಟಿಕಲ್ ಮೈಲು, ಅಂದರೆ 19 ಕಿಲೋಮೀಟರ್. ಹಳೆಯ ಇಂಜಿನ್‌ನಲ್ಲಿ ತುಂಬಿದ ದೋಣಿಗೆ ಒಂದು ಗಂಟೆ ಹತ್ತು ನಿಮಿಷ ಬೇಕಿತ್ತು. ಈಗ ಪೂರ್ತಿ ಎಳೆಯದೆ 14 ನಾಟ್‌ನಲ್ಲಿ ಹೋದರೂ ಮುಕ್ಕಾಲು ಗಂಟೆಯೊಳಗೆ ದ್ವೀಪದ ಬುಡದಲ್ಲಿರುತ್ತೇವೆ. ನಮ್ಮ ಕಡಲಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ಅಲೆ ಒಡೆಯಲು ಶುರುವಾಗುತ್ತದೆ. ಅಷ್ಟರೊಳಗೆ ವಾಪಸ್ ಬಂದುಬಿಡಬೇಕು. ನನಗೆ ವೇಗ ಬೇಕಿದ್ದದ್ದು ಇಷ್ಟಕ್ಕೇ, ರೇಸಿಗಲ್ಲ.

ಹೊಸ ಇಂಜಿನ್ ಬಂದ ವಾರ ಪಕ್ಕದ ದೋಣಿಯ ಹಿರಿಯ ತಾಂಡೇಲರು (ದೋಣಿ ನಡೆಸುವವರು) ಹೇಳಿದ್ದು ಒಂದೇ ಮಾತು: "ಖಾಲಿ ದೋಣಿ ಓಡ್ಸಿ ಸ್ಪೀಡ್ ಹೇಳ್ಬೇಡಿ ಮಾರಾಯ್ರೆ, ಜನ ಹತ್ಸಿ ಹೇಳಿ." ಅವರು ಹೇಳಿದ್ದಕ್ಕೆ ಸರಿಯಾಗಿ ಒಂದು ಸೂತ್ರವೇ ಇದೆ. ಜಾರ್ಜ್ ಕ್ರೌಚ್ ಎಂಬ ಅಮೆರಿಕದ ದೋಣಿ ವಿನ್ಯಾಸಕಾರರ ಹೆಸರಿನದು (1924 ಮತ್ತು 1925ರಲ್ಲಿ ಗೋಲ್ಡ್ ಕಪ್ ರೇಸ್ ಗೆದ್ದ 'ಬೇಬಿ ಬೂಟ್‌ಲೆಗರ್' ದೋಣಿ ಅವರದ್ದೇ ವಿನ್ಯಾಸ). ಮೂಲ ಸೂತ್ರ ಪೌಂಡು, ಮೈಲಿಯಲ್ಲಿದೆ. ನಮ್ಮ ಅಳತೆಗೆ ಇಳಿಸಿದರೆ ಹೀಗೆ: ಹಾರ್ಸ್‌ಪವರನ್ನು ದೋಣಿಯ ಒಟ್ಟು ಭಾರದಿಂದ, ಟನ್ನಿನ ಲೆಕ್ಕದಲ್ಲಿ, ಭಾಗಿಸಿ. ಬಂದದ್ದರ ವರ್ಗಮೂಲ ತೆಗೆದು 2.8ರಿಂದ ಗುಣಿಸಿ. ಸಾಧಾರಣ ತಳದ ದೋಣಿಗೆ ಅದೇ ನಾಟ್‌ನಲ್ಲಿ ಟಾಪ್ ಸ್ಪೀಡ್. ಸಪೂರ, ಹಗುರ ರೇಸ್ ದೋಣಿಗಳಿಗೆ ಗುಣಿಸುವ ಸಂಖ್ಯೆ ಇನ್ನೂ ದೊಡ್ಡದು.

ವರ್ಗಮೂಲ ಅನ್ನುವುದರಲ್ಲೇ ಎಲ್ಲ ಇದೆ. ಎಚ್‌ಪಿ ಎರಡು ಪಟ್ಟು ಮಾಡಿದರೆ ವೇಗ ಎರಡು ಪಟ್ಟಾಗುವುದಿಲ್ಲ, ಶೇ. 41 ಹೆಚ್ಚುತ್ತದೆ, ಅಷ್ಟೇ. 40ರಿಂದ 60ಕ್ಕೆ ಹೋದರೆ ಶೇ. 22. ಭಾರ ಶೇ. 10 ಏರಿದರೆ ವೇಗ ಸುಮಾರು ಶೇ. 5 ಇಳಿಯುತ್ತದೆ. ನನ್ನ ದೋಣಿ ಇಂಜಿನ್, ಪೆಟ್ರೋಲ್, ಲಂಗರು, ನಾನು ಮತ್ತು ದೋಣಿಯಲ್ಲಿ ಕೈಗೆಲಸಕ್ಕಿರುವ ಹುಡುಗ ಸೇರಿ 1.1 ಟನ್ ಇತ್ತು. ಸೂತ್ರದ ಪ್ರಕಾರ 40 ಎಚ್‌ಪಿಗೆ 17 ನಾಟ್ ಬರಬೇಕು, 60ಕ್ಕೆ ಇಪ್ಪತ್ತರ ಮೇಲೆ. ಎರಡೂ ಹೆಚ್ಚುಕಡಿಮೆ ಹಾಗೇ ಬಂದವು. ಅಳೆದದ್ದು ಜಿಪಿಎಸ್‌ನಲ್ಲಿ, ಒಮ್ಮೆ ಹೋಗುತ್ತಾ ಒಮ್ಮೆ ಬರುತ್ತಾ, ಎರಡರ ಸರಾಸರಿ. ಒಂದೇ ದಿಕ್ಕಿನಲ್ಲಿ ಓಡಿಸಿ ಸ್ಪೀಡ್ ಹೇಳುವವರು ನೀರಿನ ಸೆಳೆತವನ್ನೂ ತಮ್ಮ ಇಂಜಿನ್ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತಾರೆ.

ಆದರೆ ತುಂಬಿದ ದೋಣಿಗೆ ಬಂದಾಗ 40 ಎಚ್‌ಪಿಯಲ್ಲಿ ಸೂತ್ರ ಕೈಕೊಟ್ಟಿತು. ಎಂಟು ಜನ, ಒಂದು ಡಜನ್ ಸಿಲಿಂಡರ್ (ಗಾಳಿ ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಒಂದೊಂದೂ 16-17 ಕೆಜಿ), ಸೊಂಟಕ್ಕೆ ಕಟ್ಟುವ ಸೀಸದ ತೂಕ, ಬ್ಯಾಗು ಎಲ್ಲ ಸೇರಿ ಇನ್ನೂ 800 ಕೆಜಿ. ಒಟ್ಟು 1.9 ಟನ್. ಲೆಕ್ಕದಲ್ಲಿ 12-13 ನಾಟ್ ಬರಬೇಕು, ಬಂದದ್ದು ಎಂಟೂವರೆ. ಕಾರಣ, ಈ ಸೂತ್ರ ನಡೆಯುವುದು ದೋಣಿ ನೀರಿನ ಮೇಲೆ ಎದ್ದು ಜಾರುವಾಗ ಮಾತ್ರ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಉದ್ದವೇ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 21 ಅಡಿ ಇದ್ದರೆ 6 ನಾಟ್ ದಾಟುವಷ್ಟರಲ್ಲಿ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಮೂತಿ ಮೇಲೆ, ಹಿಂಭಾಗ ಗುಂಡಿಯಲ್ಲಿ, ಇಂಜಿನ್ ಕಿರುಚಾಟ, ಹಿಂದೆ ರಾಶಿ ನೊರೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ. ಆ ದಿಬ್ಬ ದಾಟುವಷ್ಟು ತಾಕತ್ತಿದ್ದರೆ ಮೂತಿ ಇಳಿದು ದೋಣಿ ಹಗುರಾಗುತ್ತದೆ. ಇಲ್ಲದಿದ್ದರೆ ದಿಬ್ಬದ ಮೇಲೇ ಪೆಟ್ರೋಲ್ ಸುಡುತ್ತಾ ನಿಲ್ಲುವುದು. 40 ಎಚ್‌ಪಿಗೆ ಆ ಭಾರದಲ್ಲಿ ದಿಬ್ಬ ದಾಟಲಾಗುತ್ತಿರಲಿಲ್ಲ, 60 ದಾಟಿಸಿತು. ಶೇ. 22ರ ಲೆಕ್ಕ ಇದ್ದಲ್ಲಿ ವೇಗ ಒಂದೂವರೆ ಪಟ್ಟು ಮೀರಿ ಏರಿದ್ದು ಹೀಗೆ.

ಇಂಜಿನ್ ಆರಿಸುವಾಗ ನನಗೆ ಇಷ್ಟವಾದ ಸಂಗತಿ: ಸುಜುಕಿಯ 40, 50, 60 ಮೂರೂ ಒಂದೇ ಬ್ಲಾಕ್. ಮೂರು ಸಿಲಿಂಡರ್, 941 ಸಿಸಿ, 104 ಕೆಜಿ. ಅಂದರೆ 40ರ ಬದಲು 60 ತಗೊಂಡರೆ ದೋಣಿಯ ಹಿಂಬದಿಗೆ ಒಂದು ಕೆಜಿಯೂ ಹೆಚ್ಚು ಬೀಳುವುದಿಲ್ಲ. ಹಳೆಯ ಟೂ-ಸ್ಟ್ರೋಕ್‌ಗಿಂತ ಮೂವತ್ತು ಕೆಜಿ ಹತ್ತಿರ ಭಾರ ಹೌದು, ಅದು ಫೋರ್-ಸ್ಟ್ರೋಕ್‌ಗೆ ಕೊಡಲೇಬೇಕಾದ ಬೆಲೆ. ಗೇರ್ ಅನುಪಾತ 2.27, ಅಂದರೆ ಇಂಜಿನ್ 2.27 ಸುತ್ತು ತಿರುಗಿದರೆ ಫ್ಯಾನ್ (ನೀರಿನಡಿಯ ಪ್ರೊಪೆಲ್ಲರ್) ಒಂದು ಸುತ್ತು. ಹಾಗೆ ನಿಧಾನಕ್ಕೆ ತಿರುಗುವುದರಿಂದ ದೊಡ್ಡ ಫ್ಯಾನ್ ಹಾಕಬಹುದು, ಭಾರ ಎಳೆಯುವ ದೋಣಿಗೆ ಅದು ಒಳ್ಳೆಯದು. ಕೊಳ್ಳುವ ಮುಂಚೆ ನಿಮ್ಮ ದೋಣಿಯ ಹಿಂಬದಿ ಎಷ್ಟು ಎಚ್‌ಪಿಗೆ ಕಟ್ಟಿದ್ದು ಅನ್ನುವುದನ್ನು ಕಟ್ಟಿದವರಲ್ಲೇ ಕೇಳಿ. ನನ್ನದಕ್ಕೆ 60ರವರೆಗೆ.

ಫ್ಯಾನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಂಜಿನ್ ಮಾರಿದವರು 13 ಇಂಚು ಪಿಚ್‌ನದ್ದು ಹಾಕಿ ಕಳಿಸಿದರು. ಪಿಚ್ ಅಂದರೆ ಫ್ಯಾನ್ ಒಂದು ಸುತ್ತಿಗೆ ಜಾರದೆ ಎಷ್ಟು ಮುಂದೆ ಹೋಗಬೇಕು ಅನ್ನುವುದು. ಖಾಲಿ ದೋಣಿಯಲ್ಲಿ 5800 ಆರ್‌ಪಿಎಂ, ಲೆಕ್ಕದಲ್ಲಿ 27 ನಾಟ್, ಓಡಿದ್ದು 21. ಉಳಿದ ಆರು ನಾಟ್ ನೀರಿನಲ್ಲಿ ಜಾರಿ ಹೋದದ್ದು, ಅಷ್ಟು ಜಾರುವುದು ಮಾಮೂಲಿ. ಜನ ತುಂಬಿದಾಗ ಮಾತ್ರ ಪೂರ್ತಿ ಎಳೆದರೂ ಇಂಜಿನ್ 5000ಕ್ಕೆ ಏರುತ್ತಿರಲಿಲ್ಲ, ವೇಗ 13. ಕಂಪನಿ ಹೇಳುವ ಪೂರ್ಣ ಥ್ರಾಟಲ್ ಮಿತಿ 5300ರಿಂದ 6300. ಅದರ ಕೆಳಗೆ ಓಡಿದರೆ ನೀವು ದುಡ್ಡು ಕೊಟ್ಟ 60 ಎಚ್‌ಪಿ ಹೊರಗೆ ಬರುವುದೇ ಇಲ್ಲ, ಇಂಜಿನ್‌ಗೂ ಒಳ್ಳೆಯದಲ್ಲ. ಲಾರಿಯನ್ನು ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದ ಹಾಗೆ. 11 ಪಿಚ್‌ಗೆ ಬದಲಾಯಿಸಿದೆ. ತುಂಬಿದ ದೋಣಿ 5400 ಮುಟ್ಟಿ 15 ನಾಟ್ ಓಡಿತು. ಖಾಲಿ ದೋಣಿಯ ವೇಗ ಮಾತ್ರ 21ರಿಂದ 20ಕ್ಕೆ ಇಳಿಯಿತು, ಇಂಜಿನ್ ಆಗಲೇ 6200ರಲ್ಲಿತ್ತು. ಟಾಪ್ ಸ್ಪೀಡ್ ಒಂದು ನಾಟ್ ಕಳೆದುಕೊಂಡು ತುಂಬಿದ ದೋಣಿಗೆ ಎರಡು ನಾಟ್ ಸಿಕ್ಕರೆ ಯಾವ ಬಾಡಿಗೆ ದೋಣಿಯವನೂ ಬೇಡ ಅನ್ನುವುದಿಲ್ಲ.

ಭಾರ ಎಷ್ಟು ಅನ್ನುವುದಷ್ಟೇ ಅಲ್ಲ, ಎಲ್ಲಿದೆ ಅನ್ನುವುದೂ ಮುಖ್ಯ. ಸಿಲಿಂಡರ್‌ಗಳನ್ನು ಮೊದಲು ಹಿಂದೆ ಇಂಜಿನ್ ಹತ್ತಿರದ ಕಟಕಟೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆವು, ನೀರಿಗಿಳಿಯುವವರಿಗೆ ಅನುಕೂಲ ಅಂತ. ಅವನ್ನು ಮಧ್ಯದ ಹಲಗೆಯ ಎರಡು ಬದಿಗೆ ಸಾಗಿಸಿದ ಮೇಲೆ ದೋಣಿ ಮೇಲೇಳಲು ಹಿಡಿಯುವ ಹೊತ್ತು ಅರ್ಧವಾಯಿತು. ಟಾಪ್ ಸ್ಪೀಡ್‌ನಲ್ಲಿ ಹೆಚ್ಚೇನೂ ಬದಲಾವಣೆ ಇಲ್ಲ, ಆದರೆ ಹೊರಡುವಾಗ ಮೂತಿ ಆಕಾಶ ನೋಡುವುದು ತಪ್ಪಿತು, ಎದುರಿನ ಬಲೆಗೆ ಕಟ್ಟಿದ ತೇಲುವ ಬುರುಡೆಗಳು ಕಾಣುತ್ತವೆ. ದಪ್ಪಗಿನವರನ್ನು ಮುಂದೆ ಕೂರಿಸುವುದು ಹುಡುಗನ ಜವಾಬ್ದಾರಿ. ಅದನ್ನು ಅವನು ಹೇಗೆ ನಗುತ್ತಾ ಹೇಳುತ್ತಾನೋ, ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಇನ್ನೊಂದು ಭಾರ ಕಣ್ಣಿಗೆ ಕಾಣದ್ದು. ಎರಡನೇ ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎತ್ತಿಸುವಾಗ ಕ್ರೇನಿನ ಕೊಂಡಿಗೆ ತೂಕದ ಮೀಟರ್ ಸಿಕ್ಕಿಸಿ ನೋಡಿದೆವು. ಇಂಜಿನ್ ಇಳಿಸಿದ ಬರಿಯ ದೋಣಿ 800 ಕೆಜಿ ಮೇಲೆ ತೋರಿಸಿತು. ಕಟ್ಟಿದವರು ಬರೆದುಕೊಟ್ಟದ್ದು 650. ನೆಲದ ಫೈಬರ್‌ಗೆ ಒಂದು ಕಡೆ ತೂತು ಕೊರೆದರೆ ಡ್ರಿಲ್ ಬಿಟ್ ಒದ್ದೆಯಾಗಿ ಹೊರಬಂತು, ಹಿಂದೆಯೇ ಕಂದು ನೀರು ಹನಿಯತೊಡಗಿತು. ನೆಲದಡಿ ತುಂಬಿದ್ದ ಫೋಮ್ ನೀರು ಕುಡಿದಿತ್ತು. ಬೆಂಚು ಕೂರಿಸಿದ ಸ್ಕ್ರೂಗಳ ಸುತ್ತ ಸೀಲ್ ಮಾಡದೆ ಬಿಟ್ಟಿದ್ದರು, ನೀರು ಇಳಿದದ್ದು ಅಲ್ಲಿಂದ. ಹಲಗೆ ಕತ್ತರಿಸಿ ಫೋಮನ್ನು ಬಕೆಟ್‌ಗಟ್ಟಲೆ ಬಾಚಿ ತೆಗೆದು, ಒಣಗಿಸಿ, ಹೊಸದು ತುಂಬಿ ಮುಚ್ಚುವಷ್ಟರಲ್ಲಿ ಮಳೆಗಾಲ ಮುಗಿಯಲು ಬಂದಿತ್ತು. ಕಟ್ಟಿದವರು ಖರ್ಚು ಹಂಚಿಕೊಳ್ಳಲಿಲ್ಲ, ಫೋನೂ ಎತ್ತಲಿಲ್ಲ. 150 ಕೆಜಿ ಇಳಿದದ್ದಕ್ಕೆ ತುಂಬಿದ ದೋಣಿ 15ರಿಂದ 16 ನಾಟ್‌ಗೆ ಬಂತು, ಖಾಲಿ ದೋಣಿ ಮತ್ತೆ 21 ಮುಟ್ಟಿತು. ಸೂತ್ರದಲ್ಲಿ ಹಾಕಿ ನೋಡಿದರೆ ತುಂಬಿದ ದೋಣಿಗೆ ಅದು 5 ಎಚ್‌ಪಿ ಹೆಚ್ಚು ಹಾಕಿದ್ದಕ್ಕೆ ಸಮ. ಹಳೆಯ ಫೈಬರ್ ದೋಣಿ ವರ್ಷ ವರ್ಷ ನಿಧಾನ ಆಗುತ್ತಿದೆ ಅನ್ನುವವರು ಇಂಜಿನ್ ಬಿಚ್ಚುವ ಮೊದಲು ದೋಣಿ ತೂಗಿಸಿ.

ತಳಕ್ಕೆ ಚಿಪ್ಪು ಹಿಡಿದರಂತೂ ಕೇಳಬೇಡಿ. ನೀರಿನಲ್ಲೇ ಕಟ್ಟಿ ಬಿಟ್ಟು ಸೀಸನ್ ಕೊನೆಗೆ ಬರುವಷ್ಟರಲ್ಲಿ ಎರಡು ನಾಟ್ ಹೋಗಿರುತ್ತದೆ. ಅದರ ಮುಂದೆ ಇಬ್ಬರು ಹೆಚ್ಚು ಹತ್ತಿದ್ದು ಲೆಕ್ಕಕ್ಕೇ ಇಲ್ಲ.

ಪೆಟ್ರೋಲ್: ಪೂರ್ತಿ ಎಳೆದರೆ ಗಂಟೆಗೆ 20 ಲೀಟರ್ ಮೇಲೆ ಕುಡಿಯುತ್ತದೆ, ಹಾಗೆ ಯಾರೂ ಓಡಿಸುವುದಿಲ್ಲ. 14 ನಾಟ್‌ನಲ್ಲಿ ದ್ವೀಪಕ್ಕೆ ಹೋಗಿ ಬರುವ ಖರ್ಚು ಹಳೆಯ 40ಕ್ಕೆ ಹೋಲಿಸಿದರೆ ಅರ್ಧಕ್ಕೆ ಹತ್ತಿರ ಇಳಿದಿದೆ. ದೊಡ್ಡ ಇಂಜಿನ್ ಕಡಿಮೆ ಕುಡಿಯುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ದಿಬ್ಬದ ಮೇಲೆ ಒಂದು ಗಂಟೆ ಹತ್ತು ನಿಮಿಷ ಒದ್ದಾಡುವುದಕ್ಕೂ ಮುಕ್ಕಾಲು ಗಂಟೆ ಹಗುರಾಗಿ ಜಾರುವುದಕ್ಕೂ ಅಷ್ಟು ವ್ಯತ್ಯಾಸ ಇದೆ. ಫ್ಯುಯೆಲ್ ಇಂಜೆಕ್ಷನ್, ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ, ಹೊಗೆ ಇಲ್ಲ. ಡೈವ್ ಮುಗಿಸಿ ಮೇಲೆ ಬಂದವರು ಹೊಗೆ ಕುಡಿದು ವಾಂತಿ ಮಾಡುವುದು ನಿಂತಿದೆ.

ಇಂಜೆಕ್ಷನ್ ಅಂದರೆ ಬ್ಯಾಟರಿಯನ್ನು ನಂಬಲೇಬೇಕು. ನಾನು ಇನ್ನೊಂದು ಬ್ಯಾಟರಿ ಇಟ್ಟುಕೊಂಡೇ ಹೋಗುತ್ತೇನೆ, ಹದಿನೈದಿಪ್ಪತ್ತು ಕೆಜಿ ಭಾರಕ್ಕೆ ನಾನು ಒಪ್ಪಿದ್ದೇನೆ. ಪ್ರತಿ ದಿನ ಸಂಜೆ ಸಿಹಿ ನೀರಿನಲ್ಲಿ ಒಳಗೆಲ್ಲ ತೊಳೆಯಬೇಕು, 100 ಗಂಟೆಗೊಮ್ಮೆ ಇಂಜಿನ್ ಆಯಿಲ್ ಬದಲಾಯಿಸಬೇಕು. ಟೂ-ಸ್ಟ್ರೋಕ್‌ನಂತೆ ದಡದಲ್ಲಿ ಸ್ಪ್ಯಾನರ್ ಹಿಡಿದು ಯಾರೋ ಸರಿ ಮಾಡಿಕೊಡುವ ಇಂಜಿನ್ ಇದಲ್ಲ.

70 ಹಾಕಿದ್ದರೆ ಅಂತ ಕೆಲವರು ಕೇಳುತ್ತಾರೆ. ಡಿಎಫ್70ಎ ಬೇರೆಯದೇ ಬ್ಲಾಕ್, 1502 ಸಿಸಿ, ತೂಕ 155 ಕೆಜಿ ಹತ್ತಿರ. 10 ಎಚ್‌ಪಿಗಾಗಿ ಹಿಂಬದಿಗೆ 50 ಕೆಜಿ ನೇತುಹಾಕಿದರೆ ತುಂಬಿದ ದೋಣಿಗೆ ಲೆಕ್ಕದಲ್ಲಿ ಸಿಗುವುದು ಒಂದು ನಾಟ್. ನನ್ನ ದೋಣಿಯ ಹಿಂಬದಿ ಅಷ್ಟಕ್ಕೆ ಕಟ್ಟಿದ್ದೂ ಅಲ್ಲ. ಇನ್ನು ಮೂರ್ನಾಲ್ಕು ಜನರನ್ನು ಕೂರಿಸಿಕೊಂಡು ಗಾಳಕ್ಕೆ ಹೋಗುವವರಾದರೆ 50 ಸಾಕು, 13 ಪಿಚ್ ಫ್ಯಾನ್ ಬದಲಾಯಿಸುವುದೂ ಬೇಡ. ಎಂಟು ಜನ, ಸಿಲಿಂಡರ್ ಅಂದರೆ ಮಾತ್ರ 60 ಮತ್ತು 11. ಉಳಿದ ದುಡ್ಡಲ್ಲಿ ಮಳೆಗಾಲಕ್ಕೆ ಮುಂಚೆ ತಳ ಕೆರೆಸಿ ಬಣ್ಣ ಹೊಡೆಸಿ.