ಅಂಗಾಲಿನಿಂದ ‘ಥೈರಾಯ್ಡ್ ವಿಷ’ ಇಳಿಸುತ್ತೇವೆ ಎನ್ನುವವರ ಬಳಿ ಹೋಗಬೇಡಿ

ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡಿಗರು ದಯವಿಟ್ಟು ಇದನ್ನು ಓದಬೇಕು. ಉಪ್ಪುನೀರಿನ ಟಬ್ಬಿನಲ್ಲಿ ಕಾಲಿಟ್ಟು ಕುಳಿತರೆ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿದ ವಿಷವೆಲ್ಲ ಅಂಗಾಲಿನಿಂದ ಇಳಿದುಹೋಗುತ್ತದೆ ಎಂದು ನಂಬಿಸಿ, ಇಡೀ ಪ್ಯಾಕೇಜಿನ ಹಣವನ್ನು ಮುಂಗಡವಾಗಿಯೇ ಕಟ್ಟಿಸಿಕೊಳ್ಳುವ ಕೇಂದ್ರವೊಂದು ಇಲ್ಲಿ ನಡೆಯುತ್ತಿದೆ. ನಡೆಸುವವರು ನಮ್ಮ ದಕ್ಷಿಣ ಕನ್ನಡದವರೇ. ನನ್ನ ಅಮ್ಮನನ್ನು ಬಾಯಿತುಂಬ ‘ದೊಡ್ಡಮ್ಮ’ ಎಂದು ಕರೆದವರು ಅವರೇ, ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ) ಮಾತ್ರೆಯನ್ನು ಬಿಡಿಸಿದವರೂ ಅವರೇ.

ಟಬ್ಬಿನ ನೀರಿಗೆ ವಿದ್ಯುತ್ ಹರಿಸುವ ಯಂತ್ರವೊಂದಿದೆ; ಅದನ್ನು ಓಡಿಸಿದಾಗ ನೀರಿನ ಬಣ್ಣ ಬದಲಾಗುತ್ತದೆ. ಗೋಡೆಯ ಮೇಲೆ ಬಣ್ಣಗಳ ಪಟ್ಟಿಯೊಂದಿದೆ: ನೀರು ಕಿತ್ತಳೆಯಾದರೆ ಕೀಲಿನ ವಿಷ, ಕಪ್ಪಾದರೆ ಯಕೃತ್ತಿನ ವಿಷ, ಹೀಗೆ. ಒಂದು ದಿನ ಅಮ್ಮ ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಳ್ಳುತ್ತಿರುವಾಗ, ಕಾಲು ಇನ್ನೂ ನೆಲದ ಮೇಲೆಯೇ ಇರುವಾಗ, ಕೆಲಸದ ಹುಡುಗಿ ಯಂತ್ರದ ಸ್ವಿಚ್ಚು ಒತ್ತಿಬಿಟ್ಟಳು. ನೋಡುತ್ತಿದ್ದಂತೆಯೇ ಲೋಹದ ಸುರುಳಿಯ ಸುತ್ತ ನೀರು ಕಂದಾಯಿತು, ಅಂಚಿನಲ್ಲಿ ಕೆಂಪು ನೊರೆ ಕಟ್ಟಿತು, ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ಟಬ್ಬಿನಲ್ಲಿ ಕಾಲೇ ಇರಲಿಲ್ಲ! ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣ ಸವೆದರೆ ಬರುವ ಬಣ್ಣ ಅದು, ಬೇರೇನೂ ಅಲ್ಲ. ಕೇಳಿದ್ದಕ್ಕೆ ಅವರು ನಗುತ್ತಲೇ, “ಕೋಣೆಯ ಗಾಳಿಯಲ್ಲಿರುವ ವಿಷವನ್ನೂ ಇದು ಎಳೆದುಕೊಳ್ಳುತ್ತದೆ, ಅಷ್ಟು ಶಕ್ತಿ ಇದಕ್ಕಿದೆ” ಎಂದರು. ಆ ನಗು ಈಗಲೂ ಮೈ ಉರಿಸುತ್ತದೆ.

ಥೈರಾಯ್ಡ್‌ಗೆ ನಾಳವೇ ಇಲ್ಲ. ಅದರ ಕೋಶಗಳು ರಕ್ತದಿಂದ ಅಯೋಡಿನ್ ಎಳೆದುಕೊಂಡು ಹಾರ್ಮೋನು ತಯಾರಿಸಿ, ಗ್ರಂಥಿಯ ಕಿರುಚೀಲಗಳಲ್ಲಿ ಕೂಡಿಟ್ಟು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಇನ್ನೊಂದು ಹಾರ್ಮೋನು ಟಿಎಸ್‌ಎಚ್‌ನ ಪ್ರಚೋದನೆಗೆ ತಕ್ಕಂತೆ ಅದನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ನಾಳವಿರುವುದು ಬೆವರಿನ ಗ್ರಂಥಿಗೆ. ಅಂಗಾಲಿನಲ್ಲಿ ಆ ಗ್ರಂಥಿಗಳು ದಟ್ಟವಾಗಿರುವುದು ನಿಜ, ಆದರೆ ಅವುಗಳಿಂದ ಹೊರಬರುವುದು ಬಹುಪಾಲು ನೀರು ಮತ್ತು ಒಂದಿಷ್ಟು ಉಪ್ಪು. ಕತ್ತಿನ ಗ್ರಂಥಿಯಿಂದ ಅಂಗಾಲಿನವರೆಗೆ ವಿಷ ಹರಿಯುವ ಕೊಳವೆ ಯಾರ ಮೈಯಲ್ಲೂ ಇಲ್ಲ.

ಇನ್ನೂ ದೊಡ್ಡ ಮೋಸ ಮಾತ್ರೆಯದು. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಹೈಪೊಥೈರಾಯ್ಡ್ (ಥೈರಾಯ್ಡ್ ಹಾರ್ಮೋನಿನ ಕೊರತೆ) ಇದ್ದವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಅದನ್ನೇ ಹಿಡಿದುಕೊಂಡು ಅವರು “ನೋಡಿ, ಗ್ರಂಥಿ ಎಚ್ಚರವಾಯಿತು” ಎಂದರು. ಆಮೇಲೆ ಅಮ್ಮನಿಗೆ ಮುಖ ಊದಿಕೊಂಡಿತು, ಸದಾ ಚಳಿ, ಮಲಬದ್ಧತೆ, ಮೆಟ್ಟಿಲು ಹತ್ತಲಾಗದ ಸುಸ್ತು. ಟಿಎಸ್‌ಎಚ್ ವರದಿ ನೋಡಿದ ಡಾಕ್ಟರು ನಮಗೆ ಬೈದರು. ಅದೇ ವರದಿಯನ್ನು ಕೇಂದ್ರದವರ ಮುಂದೆ ಹಿಡಿದರೆ, “ವಿಷ ಹೊರಬರುವಾಗ ಹೀಗೇ ಆಗುತ್ತದೆ, ದೊಡ್ಡಮ್ಮನಿಗೆ ನಂಬಿಕೆ ಸಾಲದು” ಎಂಬ ಉತ್ತರ ಬಂತು. ನಂಬಿಕೆ ಸಾಲದಂತೆ!

ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಯಾರಾದರೂ ಇಂತಹ ಟಬ್ಬು ತೋರಿಸಿದರೆ, ಕಾಲಿಡದೆ ಯಂತ್ರ ಓಡಿಸಿ ತೋರಿಸಲು ಹೇಳಿ. ರಸೀದಿಯನ್ನೂ ಓದಿಕೊಳ್ಳಿ; ನಮಗೆ ಕೊಟ್ಟದ್ದರಲ್ಲಿ ಚಿಕಿತ್ಸೆ ಎಂಬ ಮಾತೇ ಇಲ್ಲ, ‘ಪಾದ ಆರೈಕೆ’ ಎಂದಷ್ಟೇ ಇದೆ. ಉಳಿದ ಹಣ ಹಿಂದಿರುಗಿಸಿ ಎಂದು ಕೇಳಿದಾಗ, ಅದಕ್ಕೆ ಅವಕಾಶವಿಲ್ಲ, ಬೇಕಿದ್ದರೆ ಅಮ್ಮನ ಬದಲು ನಿಮ್ಮ ಶ್ರೀಮತಿಯವರನ್ನು ಕಳುಹಿಸಿ ಎಂದರು.